ಕಾರಿನೊಳಗೆ ಎಲ್‌ಇಡಿ ಬೆಳಕು: ಮೊದಲು ಫ್ಯೂಸ್, ಆಮೇಲೆ ಪಟ್ಟಿ

ಬಳ್ಳಾರಿಯ ಕಾರು ಅಲಂಕಾರದ ಅಂಗಡಿಗಳಲ್ಲಿ ಎಲ್‌ಇಡಿ ಪಟ್ಟಿ ಕೇಳಿದರೆ ಅರ್ಧ ಗಂಟೆಯೊಳಗೆ ಅಂಟಿಸಿ, ಉರಿಸಿ ತೋರಿಸಿ ಕಳಿಸುತ್ತಾರೆ. ಡ್ಯಾಶ್‌ಬೋರ್ಡಿನ ಅಡಿಯಲ್ಲಿ, ಸೀಟಿನ ಕೆಳಗೆ ತೆಳುವಾಗಿ ಹರಡುವ ಆ ಬೆಳಕು ರಾತ್ರಿ ಪ್ರಯಾಣಕ್ಕೆ ಹಿತವಾದದ್ದೇ. ಕೆಳಗೆ ಬಿದ್ದ ಕೀಲಿಯನ್ನೋ ಮಗುವಿನ ಚಪ್ಪಲಿಯನ್ನೋ ಹುಡುಕಲು ಮೊಬೈಲ್ ಟಾರ್ಚ್ ಬೇಕಾಗುವುದಿಲ್ಲ. ಆದರೆ ಈ ಕೆಲಸದಲ್ಲಿ ಅಂಟಿಸುವುದು ಕಾಲುಭಾಗ ಮಾತ್ರ. ಕರೆಂಟನ್ನು ಎಲ್ಲಿಂದ ತೆಗೆದುಕೊಳ್ಳುತ್ತೇವೆ, ನಡುವೆ ತಕ್ಕ ಫ್ಯೂಸ್ ಇದೆಯೇ, ಜೋಡಣೆಗಳು ನಮ್ಮ ಬೇಸಿಗೆಯನ್ನು ತಾಳುತ್ತವೆಯೇ ಎನ್ನುವುದೇ ಉಳಿದ ಮುಕ್ಕಾಲು.

ಇದನ್ನು ನಾನು ಕಲಿತದ್ದು ನನ್ನದೇ ಕಾರಿನಲ್ಲಿ. ಒಂದು ಮೇ ತಿಂಗಳ ಮಧ್ಯಾಹ್ನ ಸಿರುಗುಪ್ಪದಿಂದ ಬರುವಾಗ ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ ಬಂತು. ಗಾಡಿ ನಿಲ್ಲಿಸಿ ಸ್ಟೀರಿಂಗ್ ಕೆಳಗಿನ ಮುಚ್ಚಳ ಬಿಚ್ಚಿ ನೋಡಿದರೆ, ದೀಪ ಹಾಕಿದವರು ಎರಡು ತಂತಿಗಳನ್ನು ಬರಿಗೈಯಲ್ಲಿ ಹೊಸೆದು ಮೇಲೆ ಕಪ್ಪು ಟೇಪು ಸುತ್ತಿದ್ದರು. ಸೆಕೆಗೆ ಟೇಪಿನ ಅಂಟು ಬೆಲ್ಲದ ಪಾಕದಂತೆ ಕರಗಿ, ಟೇಪು ಅರ್ಧ ಇಂಚು ಪಕ್ಕಕ್ಕೆ ಸರಿದಿತ್ತು. ಬಯಲಾದ ತಾಮ್ರ ಕಬ್ಬಿಣದ ಪಟ್ಟಿಗೆ ತಾಗಿ, ಅಲ್ಲಿಗೆ ಬರುವ ತಂತಿಯ ಹೊದಿಕೆ ಗೇಣುದ್ದ ಕರಗಿ ಹೋಗಿತ್ತು. ಕರೆಂಟು ತೆಗೆದುಕೊಂಡಿದ್ದು ಚಾರ್ಜಿಂಗ್ ಸಾಕೆಟ್ಟಿನಿಂದ, ಅದಕ್ಕಿದ್ದದ್ದು 15 ಆಂಪಿಯರ್ ಫ್ಯೂಸ್. ಅದು ಹಾರುವಷ್ಟು ಕರೆಂಟು ಹರಿಯುವ ಮೊದಲೇ ತೆಳು ತಂತಿ ಬೆಂದಿತ್ತು. ಫ್ಯೂಸ್ ಇರುವುದು ತಂತಿಯ ರಕ್ಷಣೆಗೆ. ಆದ್ದರಿಂದ ತಂತಿ ಎಷ್ಟು ತೆಳುವೋ ಫ್ಯೂಸ್ ಅಷ್ಟು ಸಣ್ಣದಿರಬೇಕು.

ಮೊದಲು ಲೆಕ್ಕ. ಮುಂದಿನ ಎರಡು ಕಾಲಿಡುವ ಜಾಗಗಳಿಗೆ 30 ಸೆಂಟಿಮೀಟರಿನಂತೆ, ಹಿಂದಿನ ಎರಡಕ್ಕೆ 20 ಸೆಂಟಿಮೀಟರಿನಂತೆ ಒಟ್ಟು ಒಂದು ಮೀಟರ್ ಪಟ್ಟಿ ಸಾಕು. ಮೀಟರಿಗೆ 60 ದೀಪಗಳಿರುವ ಸಾಮಾನ್ಯ ಒಂದೇ ಬಣ್ಣದ ಪಟ್ಟಿ ಸುಮಾರು 4.8 ವ್ಯಾಟ್, ಅಂದರೆ 12 ವೋಲ್ಟಿನಲ್ಲಿ 0.4 ಆಂಪಿಯರ್ ಎಳೆಯುತ್ತದೆ. ಬಣ್ಣ ಬದಲಿಸುವ ದೊಡ್ಡ ದೀಪಗಳ ಪಟ್ಟಿಯಾದರೆ ಮೀಟರಿಗೆ 14.4 ವ್ಯಾಟ್, 1.2 ಆಂಪಿಯರ್. ಎರಡರಲ್ಲಿ ಯಾವುದೇ ಇರಲಿ, 3 ಆಂಪಿಯರಿನ ಫ್ಯೂಸ್ ಸಾಕು, ತಂತಿ 0.75 ಚದರ ಮಿಲಿಮೀಟರಿನದ್ದಿರಲಿ.

ಇನ್ನೊಂದು ಸಂಗತಿಯನ್ನು ಅಂಗಡಿಯವರು ಹೇಳುವುದು ಅಪರೂಪ. 12 ವೋಲ್ಟಿನದ್ದು ಎನ್ನುವ ಕಾರಿನ ಬ್ಯಾಟರಿ ಪೂರ್ತಿ ಚಾರ್ಜ್ ಆಗಿ ಸುಮ್ಮನಿದ್ದಾಗ 12.6 ವೋಲ್ಟ್ ತೋರಿಸಿದರೆ, ಎಂಜಿನ್ ಓಡುವಾಗ ಸಾಮಾನ್ಯವಾಗಿ 13.8ರಿಂದ 14.4ರವರೆಗೆ ಏರುತ್ತದೆ. ಬಿಳಿ ಬೆಳಕಿನ ಪಟ್ಟಿಯಲ್ಲಿ ಮೂರು ದೀಪ ಮತ್ತು ಕರೆಂಟನ್ನು ಮಿತಿಯಲ್ಲಿಡುವ ಒಂದು ರೆಸಿಸ್ಟರ್ ಸೇರಿ ಒಂದು ತುಂಡು. ಮೂರು ದೀಪಗಳೇ ಸುಮಾರು 9.6 ವೋಲ್ಟ್ ತೆಗೆದುಕೊಳ್ಳುವುದರಿಂದ, 12 ವೋಲ್ಟಿನಲ್ಲಿ ರೆಸಿಸ್ಟರಿನ ಪಾಲಿಗೆ 2.4 ವೋಲ್ಟ್ ಉಳಿಯುತ್ತದೆ, 14.4ರಲ್ಲಿ 4.8 ಉಳಿಯುತ್ತದೆ. ಅಂದರೆ ವೋಲ್ಟೇಜ್ ಐದನೇ ಒಂದು ಭಾಗ ಏರಿದರೆ ಕರೆಂಟು ಹೆಚ್ಚುಕಡಿಮೆ ದುಪ್ಪಟ್ಟಾಗುತ್ತದೆ. ಮನೆಯ ಅಡಾಪ್ಟರಿನಲ್ಲಿ ವರ್ಷಗಟ್ಟಲೆ ಉರಿಯುವ ಅಗ್ಗದ ಪಟ್ಟಿ ಕಾರಿನಲ್ಲಿ ಬೇಗ ಮಂಕಾಗುವುದಕ್ಕೆ ಇದೊಂದು ದೊಡ್ಡ ಕಾರಣ. ಆದ್ದರಿಂದ ವಾಹನಕ್ಕೆಂದೇ ತಯಾರಾದ ಪಟ್ಟಿಯನ್ನು ಕೇಳಿ ಪಡೆಯಬೇಕು, ಜೊತೆಗೆ ಒಂದು ಡಿಮ್ಮರ್ ಹಾಕಿ ಬೆಳಕನ್ನು ಅರ್ಧಕ್ಕೆ ಇಳಿಸಬೇಕು.

ಕೆಲಸಕ್ಕೆ ಕೈ ಹಾಕುವ ಮುನ್ನ ಕರೆಂಟಿನ ಮೂಲ ಗುರುತಿಸಿಕೊಳ್ಳಿ. ಕಾರಿನ ಕೈಪಿಡಿಯಲ್ಲಿ ಫ್ಯೂಸ್ ಪೆಟ್ಟಿಗೆಯ ನಕ್ಷೆ ಇರುತ್ತದೆ. ಅದರಲ್ಲಿ ಚಾರ್ಜಿಂಗ್ ಸಾಕೆಟ್ ಅಥವಾ ಆಡಿಯೊ ಫ್ಯೂಸ್ ಹುಡುಕಿ, ಕೀಲಿ ತೆಗೆದಾಗ ಅಲ್ಲಿ ಸೊನ್ನೆ, ಕೀಲಿ ಒಂದು ಹಂತ ತಿರುಗಿಸಿದಾಗ 12 ವೋಲ್ಟ್ ಬರುತ್ತದೆಯೇ ಎಂದು ಮಲ್ಟಿಮೀಟರಿನಲ್ಲಿ ನೋಡಿ. ಕೀಲಿ ತೆಗೆದರೂ ಕರೆಂಟು ಇರುವ ಕಡೆ ದೀಪ ಜೋಡಿಸಿ ಮರೆತರೆ, 1.2 ಆಂಪಿಯರಿನ ಪಟ್ಟಿ ಹತ್ತು ಗಂಟೆಯಲ್ಲಿ 12 ಆಂಪಿಯರ್-ಅವರ್ ಹೀರಿಬಿಡುತ್ತದೆ. ಸಣ್ಣ ಕಾರಿನ 35 ಆಂಪಿಯರ್-ಅವರ್ ಬ್ಯಾಟರಿಗೆ ಅದು ಮೂರನೇ ಒಂದು ಭಾಗ. ಏರ್‌ಬ್ಯಾಗ್, ಎಬಿಎಸ್, ಎಂಜಿನ್ ಕಂಪ್ಯೂಟರ್ ಎಂದು ಬರೆದಿರುವ ಫ್ಯೂಸುಗಳನ್ನು ಮುಟ್ಟಲೇಬಾರದು.

ಮೂಲ ಗೊತ್ತಾದ ಮೇಲೆ ಕೀಲಿ ತೆಗೆದು, ಬ್ಯಾಟರಿಯ ನೆಗೆಟಿವ್ ತಂತಿಯನ್ನು ಸ್ಪ್ಯಾನರಿನಿಂದ ಬಿಚ್ಚಿ ಪಕ್ಕಕ್ಕಿಡಿ. ಕೆಲವು ನಿಮಿಷ ಕಾಯುವುದು ಒಳ್ಳೆಯದು, ಏಕೆಂದರೆ ಏರ್‌ಬ್ಯಾಗಿನ ವ್ಯವಸ್ಥೆಯಲ್ಲಿ ಸ್ವಲ್ಪ ಹೊತ್ತು ಶಕ್ತಿ ಉಳಿದಿರುತ್ತದೆ. ಡ್ಯಾಶ್‌ಬೋರ್ಡಿನ ಅಡಿಯಲ್ಲಿ ಹಳದಿ ಕನೆಕ್ಟರ್ ಅಥವಾ ಹಳದಿ ಹೊದಿಕೆಯ ತಂತಿ ಕಂಡರೆ ಅದು ಸಾಮಾನ್ಯವಾಗಿ ಏರ್‌ಬ್ಯಾಗಿನದ್ದು, ಅದರಿಂದ ದೂರವಿರಿ. ಮುಂದಿನ ಗಾಜಿನ ಪಕ್ಕದ ಕಂಬದೊಳಗೆ ತಂತಿ ಎಳೆಯುವ ಆಸೆಯನ್ನೂ ಬಿಡಿ, ಹಲವು ಕಾರುಗಳಲ್ಲಿ ಪರದೆ ಏರ್‌ಬ್ಯಾಗ್ ಆ ದಾರಿಯಲ್ಲೇ ಇರುತ್ತದೆ.

ಮೂಲ ತಂತಿಯನ್ನು ಸುಲಿದು ಹೊಸೆಯುವ ಬದಲು ಫ್ಯೂಸ್ ಟ್ಯಾಪ್ ಬಳಸಿ. ಹಳೆಯ ಫ್ಯೂಸಿನ ಜಾಗದಲ್ಲಿ ಇದು ಕೂರುತ್ತದೆ. ಇದರ ಒಂದು ಮನೆಯಲ್ಲಿ ಹಳೆಯ ಫ್ಯೂಸ್, ಇನ್ನೊಂದರಲ್ಲಿ ನಮ್ಮ 3 ಆಂಪಿಯರಿನದ್ದು; ಟ್ಯಾಪಿನಿಂದ ಹೊರಬರುವ ತಂತಿ ಪಟ್ಟಿಯ ಪಾಸಿಟಿವಿಗೆ. ಟ್ಯಾಪನ್ನು ತಿರುಗುಮುರುಗಾಗಿ ಹಾಕಿದರೂ ದೀಪ ಉರಿಯುತ್ತದೆ, ಆದರೆ ಹೊಸ ಕರೆಂಟೂ ಹಳೆಯ ಫ್ಯೂಸಿನ ಮೂಲಕವೇ ಹಾದು ಅದರ ಮೇಲೆ ಭಾರ ಬೀಳುತ್ತದೆ. ಪರೀಕ್ಷೆ ಸುಲಭ: ಕೊನೆಯಲ್ಲಿ ಬ್ಯಾಟರಿ ಜೋಡಿಸಿದ ಮೇಲೆ ಟ್ಯಾಪಿನಿಂದ ಹಳೆಯ ಫ್ಯೂಸನ್ನು ಮಾತ್ರ ಕಿತ್ತು, ಕೀಲಿ ತಿರುಗಿಸಿ ನೋಡಿ. ನಮ್ಮ ದೀಪ ಉರಿದರೆ ಟ್ಯಾಪ್ ಸರಿಯಾಗಿದೆ, ಆರಿದರೆ ಅದನ್ನು ತಿರುಗಿಸಿ ಹಾಕಬೇಕು.

ಪಟ್ಟಿಯ ನೆಗೆಟಿವ್ ತಂತಿಗೆ ಬಾಡಿ ಅರ್ಥ್, ಅಂದರೆ ಕಾರಿನ ಲೋಹದ ಮೈಗೆ ಜೋಡಣೆ ಬೇಕು. ಡ್ಯಾಶ್‌ಬೋರ್ಡಿನ ಅಡಿಯಲ್ಲಿ ಬಾಡಿಯ ತಗಡಿಗೆ ನೇರವಾಗಿ ಕೂತಿರುವ ಬೋಲ್ಟು ಆರಿಸಿ, ಬಣ್ಣವಿದ್ದರೆ ಉಜ್ಜಿ ಲೋಹ ಕಾಣಿಸುವಂತೆ ಮಾಡಿ, ತಂತಿಯ ತುದಿಗೆ ಉಂಗುರದ ಟರ್ಮಿನಲ್ ಒತ್ತಿ ಬಿಗಿಯಿರಿ. ಸೀಟ್ ಬೆಲ್ಟಿನ ಮತ್ತು ಏರ್‌ಬ್ಯಾಗಿನ ಬೋಲ್ಟುಗಳು ಇದಕ್ಕೆ ಬೇಡ. ದೀಪ ಮಿಣುಕುವ ಗಾಡಿಗಳಲ್ಲಿ ನಾನು ಮೊದಲು ನೋಡುವುದು ಈ ಜಾಗವನ್ನೇ.

ಪಟ್ಟಿಯನ್ನು ಕತ್ತರಿ ಗುರುತಿರುವ ಕಡೆ ಮಾತ್ರ ಕತ್ತರಿಸಬೇಕು. ನಾಲ್ಕೂ ತುಂಡುಗಳನ್ನು ಪಾಸಿಟಿವಿಗೆ ಪಾಸಿಟಿವ್, ನೆಗೆಟಿವಿಗೆ ನೆಗೆಟಿವ್ ಎಂದು ಸಮಾನಾಂತರವಾಗಿ ಸೇರಿಸಿ. ತಂತಿಗೆ ಹೀಟ್ ಶ್ರಿಂಕ್ (ಬಿಸಿಗೆ ಕುಗ್ಗುವ) ತೋಳನ್ನು ಮೊದಲೇ ಪೋಣಿಸಿಟ್ಟುಕೊಂಡು, ಬೆಸುಗೆ ಹಾಕಿದ ಮೇಲೆ ಅದನ್ನು ಜೋಡಣೆಯ ಮೇಲೆ ತಂದು ಬಿಸಿ ಮಾಡಿ ಬಿಗಿಗೊಳಿಸಿ. ಬೆಸುಗೆ ಬಾರದವರು ಒತ್ತುವ ಕನೆಕ್ಟರ್ ಬಳಸಬಹುದು. ಕಪ್ಪು ಪಿವಿಸಿ ಟೇಪು ಮಾತ್ರ ಬೇಡ; ನಲವತ್ತು ಡಿಗ್ರಿ ದಾಟುವ ಬಳ್ಳಾರಿ, ರಾಯಚೂರಿನ ಬಿಸಿಲಿನಲ್ಲಿ ಗಾಜು ಮುಚ್ಚಿ ನಿಲ್ಲಿಸಿದ ಕಾರಿನೊಳಗೆ ಅದರ ಅಂಟು ಉಳಿಯುವುದಿಲ್ಲ. ತಂತಿಗಳ ಮೇಲೆ ಬಟ್ಟೆಯ ವೈರಿಂಗ್ ಟೇಪು ಸುತ್ತಿ, ಪೆಡಲುಗಳಿಗೂ ಸ್ಟೀರಿಂಗ್ ದಂಡಕ್ಕೂ ತಾಗದಂತೆ ಕೇಬಲ್ ಟೈ ಕಟ್ಟಿ. ಸೀಟು ಜರುಗುವ ಹಳಿಯ ಮೇಲೆ ತಂತಿ ಹಾಯಬಾರದು. ಹಿಂದಿನ ಸಾಲಿಗೆ ಬಾಗಿಲ ಹೊಸ್ತಿಲಿನ ಪ್ಲಾಸ್ಟಿಕ್ ಪಟ್ಟಿಯ ಅಡಿಯಿಂದ ಒಯ್ಯಬೇಕು.

ಅಂಟಿಸುವಾಗ ನಮ್ಮ ಕಡೆಯ ತೊಂದರೆ ಧೂಳು. ಸಂಡೂರಿನ ಅದಿರು ದಾರಿಯಲ್ಲಿ ಓಡಾಡುವ ಗಾಡಿಯ ಡ್ಯಾಶ್‌ಬೋರ್ಡಿನ ಅಡಿಯನ್ನು ಬೆರಳಿನಿಂದ ಒರೆಸಿದರೆ ಕುಂಕುಮದಂತೆ ಕೆಂಪು ಹತ್ತುತ್ತದೆ. ಅದರ ಮೇಲೆ ಅಂಟಿಸಿದರೆ ಅಂಟು ಹಿಡಿಯುವುದು ಧೂಳನ್ನು, ಪ್ಲಾಸ್ಟಿಕ್ಕನ್ನಲ್ಲ. ಒದ್ದೆ ಬಟ್ಟೆಯಿಂದ ಒರೆಸಿ, ಒಣಗಿದ ಮೇಲೆ ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ಮತ್ತೊಮ್ಮೆ ಒರೆಸಿ, ಅಂಟಿಸಿ ಅರ್ಧ ನಿಮಿಷ ಒತ್ತಿ ಹಿಡಿಯಿರಿ. ಒಂದು ದಿನ ಎಳೆದು ನೋಡಬೇಡಿ. ಒರಟು ಪ್ಲಾಸ್ಟಿಕ್ ಇದ್ದಲ್ಲಿ ಅಂಟನ್ನು ನಂಬದೆ ತೆಳುವಾದ ಅಲ್ಯೂಮಿನಿಯಂ ಚಾನೆಲ್ಲಿನಲ್ಲಿ ಪಟ್ಟಿ ಕೂರಿಸಿ, ಚಾನೆಲ್ಲನ್ನು ಕ್ಲಿಪ್ಪಿನಿಂದ ಹಿಡಿಸಬಹುದು.

ಬೆಳಕು ಕಾಣಬೇಕು, ದೀಪ ಕಾಣಬಾರದು. ಪಟ್ಟಿಯ ಮುಖ ನೆಲದ ಕಡೆಗಿದ್ದರೆ ಚಾಲಕನ ಕಣ್ಣಿಗೂ ಮುಂದಿನ ಗಾಜಿಗೂ ಅದರ ಪ್ರತಿಬಿಂಬ ಬೀಳುವುದಿಲ್ಲ. ನೀಲಿ ಬಣ್ಣ ಅಂಗಡಿಯಲ್ಲಿ ಚಂದ ಕಂಡರೂ ಕತ್ತಲ ರಸ್ತೆಯಲ್ಲಿ ಕಣ್ಣಿಗೆ ಚುಚ್ಚುತ್ತದೆ, ಮಂದವಾದ ಹಳದಿಯೇ ಮೇಲು. ಕೇಂದ್ರ ಮೋಟಾರು ವಾಹನ ನಿಯಮಗಳು 1989ರ 108ನೇ ನಿಯಮ ವಾಹನದ ಮುಂದಕ್ಕೆ ಕೆಂಪು ಬೆಳಕು ತೋರಿಸುವುದನ್ನು ತಡೆಯುತ್ತದೆ. ಒಳಗಿನ ದೀಪಕ್ಕೆ ಅದರಲ್ಲಿ ವಿನಾಯಿತಿ ಇದ್ದರೂ, ಹೊರಗಿನವರಿಗೆ ಮಿನುಗುವ ಕೆಂಪು ನೀಲಿ ಕಾಣುವಂತೆ ಹಾಕುವುದು ಸರಿಯಲ್ಲ.

ಎಲ್ಲ ಮುಗಿದ ಮೇಲೆ ಎಂಜಿನ್ ಚಾಲೂ ಮಾಡಿ ದೀಪಗಳನ್ನು ಅರ್ಧ ಗಂಟೆ ಉರಿಸಿ, ಪ್ರತಿ ಜೋಡಣೆಯನ್ನೂ ಬೆರಳಿನಿಂದ ಮುಟ್ಟಿ ನೋಡಿ. ಪಟ್ಟಿ ಬೆಚ್ಚಗಿರಬಹುದು, ಆದರೆ ಜೋಡಣೆ ಬಿಸಿಯಾಗಿದ್ದರೆ ಅದನ್ನು ಬಿಚ್ಚಿ ಮತ್ತೆ ಮಾಡಬೇಕು. ಟ್ಯಾಪ್ ಯಾವ ಫ್ಯೂಸಿನ ಜಾಗದಲ್ಲಿದೆ, ಅರ್ಥ್ ಯಾವ ಬೋಲ್ಟಿಗಿದೆ ಎಂದು ಒಂದು ಚೀಟಿಯಲ್ಲಿ ಬರೆದು, ಒಂದು ಹೆಚ್ಚುವರಿ 3 ಆಂಪಿಯರ್ ಫ್ಯೂಸಿನೊಂದಿಗೆ ಡ್ಯಾಶ್‌ಬೋರ್ಡಿನ ಖಾನೆಯಲ್ಲಿಡಿ. ಮುಂದೆ ಆ ಗಾಡಿಗೆ ಕೈ ಹಾಕುವ ಮೆಕ್ಯಾನಿಕ್ ಮೊದಲು ಕೇಳುವುದು ಅದನ್ನೇ.