ಒಂದೇ ಚೌಕ, ಮೂರು ಬಾಡಿಗೆ

ಕಲಬುರಗಿ ಕೋಟೆಯ ಕಡೆ ನಿಜಾಮರ ಕಾಲದ ಒಂದು ಮುಸಾಫಿರ್‌ಖಾನೆ, ಅಂದರೆ ಪ್ರಯಾಣಿಕರು ತಂಗುವ ಛತ್ರ, ಇದೆ. ಅದನ್ನು ಬಾಡಿಗೆ ಮನೆಗಳಾಗಿ ಮಾಡುವ ಕೆಲಸ ನನಗೆ ಬಂತು. ಕಟ್ಟಡ ಒಂದು ಟ್ರಸ್ಟಿನದು. ಬೇಳೆ ಮಿಲ್ಲಿನಲ್ಲಿ ಚೀಲ ಹೊರುವವರು, ಆಸ್ಪತ್ರೆಯ ನರ್ಸು, ಕಾಲೇಜು ಮೇಷ್ಟ್ರು ಎಲ್ಲರೂ ಒಂದೇ ಚೌಕದ ಸುತ್ತ ಇರಬೇಕು, ಬಾಡಿಗೆ ಮಾತ್ರ ಅವರವರ ದುಡಿಮೆಗೆ ತಕ್ಕಂತೆ ಅನ್ನುವುದು ಟ್ರಸ್ಟಿನವರ ಆಸೆ. ನನಗೂ ಅದೇ ಬೇಕಿತ್ತು.

ಕೋಟೆ ಕೇಂದ್ರ ಸರ್ಕಾರದ ರಕ್ಷಣೆಯಲ್ಲಿರುವ ಸ್ಮಾರಕ. 2010ರ ಕಾನೂನು ತಿದ್ದುಪಡಿಯಂತೆ ಅಂಥ ಸ್ಮಾರಕದಿಂದ 100 ಮೀಟರ್ ಒಳಗೆ ಹೊಸದಾಗಿ ಕಟ್ಟುವಂತಿಲ್ಲ. ಅದರಾಚೆ ಇನ್ನೂ 200 ಮೀಟರ್‌ವರೆಗೆ ಏನು ಕಟ್ಟಬೇಕಾದರೂ ಅನುಮತಿ ಬೇಕು. ನಮ್ಮದು ಈ ಎರಡನೇ ವಲಯದಲ್ಲಿತ್ತು. ಮೊದಲು ಅರ್ಜಿ, ಆಮೇಲೆ ಗೌಂಡಿ.

ಗೋಡೆಗಳು ಕಲ್ಲು, ಸುಣ್ಣದ ಗಚ್ಚಿನವು. ಯಾರೋ ಯಾವಾಗಲೋ ಕೆಳಗಡೆ ಸಿಮೆಂಟ್ ಗಿಲಾವ್ ಮಾಡಿಸಿದ್ದರು. ಒಳಗಿನ ತೇವ ಹೊರಗೆ ಹೋಗಲು ದಾರಿಯಿಲ್ಲದೆ ಗೋಡೆಗೆ ಉಪ್ಪು ಏರಿತ್ತು. ಸಿಮೆಂಟ್ ಪೂರಾ ಕೆತ್ತಿಸಿ, ಗೋಡೆ ಒಣಗಲು ಬಿಟ್ಟು, ಮತ್ತೆ ಸುಣ್ಣದ್ದೇ ಗಿಲಾವ್ ಮಾಡಿಸಿದೆವು.

ಜಾಸ್ತಿ ತಲೆಕೆಡಿಸಿದ್ದು ಮಾಳಿಗೆ. ನಮ್ಮ ಕಡೆಯ ಹಳೇ ಪದ್ಧತಿ: ಕಬ್ಬಿಣದ ಗರ್ಡರ್, ಅದರ ಮೇಲೆ ಶಹಾಬಾದ್ ಕಲ್ಲಿನ ಚಪ್ಪಡಿ, ಅಂದರೆ ಫರ್ಸಿ, ಫರ್ಸಿ ಮೇಲೆ ಗಚ್ಚು. ಗರ್ಡರಿನ ನಡುಭಾಗ ಚೆನ್ನಾಗಿಯೇ ಕಾಣುತ್ತದೆ. ನೋಡಬೇಕಾದ್ದು ಗೋಡೆಯೊಳಗೆ ಸೇರಿರುವ ತುದಿಯನ್ನು. ಒಂದೊಂದು ಕಡೆ ಕಲ್ಲು ಬಿಡಿಸಿ ಸುತ್ತಿಗೆಯಿಂದ ತಟ್ಟಿದರೆ ತುಕ್ಕು ಪದರ ಪದರವಾಗಿ ಉದುರಿತು. ತುಕ್ಕು ಹಿಡಿದ ಕಬ್ಬಿಣ ಉಬ್ಬುತ್ತದೆ, ಉಬ್ಬಿ ಮೇಲಿನ ಕಲ್ಲನ್ನೇ ಎತ್ತುತ್ತದೆ. ಗೋಡೆಯ ಬಿರುಕಿಗೆ ಪಾಯ ಕಾರಣ ಅಂತ ಎಲ್ಲರೂ ಅಂದುಕೊಂಡಿದ್ದರು. ಕಾರಣ ಇಲ್ಲಿತ್ತು. ಕೆಳಗೆ ಆಸರೆ ಕೊಟ್ಟು, ಕೆಟ್ಟ ತುದಿ ಕತ್ತರಿಸಿ ಹೊಸ ತುಂಡು ಬೆಸೆದೆವು. ಮಾಳಿಗೆಯ ನೀರು ಗೋಡೆ ಕಡೆ ಹೋಗದಂತೆ ಇಳಿಜಾರು ತಿದ್ದಿದೆವು. ಫರ್ಸಿ ಒಂದನ್ನೂ ಬಿಸಾಡಲಿಲ್ಲ.

ಬಚ್ಚಲು, ಪಾಯಖಾನೆ ಹಳೇ ಗೋಡೆಯೊಳಗೆ ಬೇಡ ಅಂತ ನಾನು ಹಟ ಹಿಡಿದೆ. ಸುಣ್ಣದ ಗೋಡೆಯೊಳಗೆ ಪೈಪು ಸೋರಿದರೆ ಕಣ್ಣಿಗೆ ಬೀಳುವ ಹೊತ್ತಿಗೆ ತಡವಾಗಿರುತ್ತದೆ. ಹಿಂದುಗಡೆ ಬೇರೆಯದೇ ಸಾಲು ಎಬ್ಬಿಸಿ, ಪ್ರತಿ ಮನೆಗೂ ಹಿಂಬಾಗಿಲಿನಿಂದ ದಾರಿ ಕೊಟ್ಟೆವು.

ಮನೆ ಹಂಚುವ ಮಾತು ಬಂದಾಗ ಟ್ರಸ್ಟಿನ ಹಿರಿಯರೊಬ್ಬರು, "ಬಾಡಿಗಿ ಬ್ಯಾರೆ ಅಂದಮ್ಯಾಗ ಖೋಲಿನೂ ಬ್ಯಾರೆ ಇರಬೇಕಲ್ರಿ?" ಅಂದರು. ಕಡಿಮೆ ಬಾಡಿಗೆಯವರಿಗೆ ಚೌಕದ ಹಿಂಬದಿಯ ಖೋಲಿಗಳ ಸಾಲು ಕೊಡೋಣ ಅನ್ನುವುದು ಅವರ ಸಲಹೆ. ನಾನು ಒಪ್ಪಲಿಲ್ಲ. ಹಾಗೆ ಮಾಡಿದರೆ ಚೌಕದೊಳಗೇ ಒಂದು ಕೇರಿ ಹುಟ್ಟುತ್ತದೆ, ಅಲ್ವಾ? ಅದೃಷ್ಟಕ್ಕೆ ಮುಸಾಫಿರ್‌ಖಾನೆಯ ಖೋಲಿಗಳೆಲ್ಲ ಒಂದೇ ಅಳತೆ, ಮುಂದೆ ಒಂದೇ ಪಡಸಾಲೆ. ಅದನ್ನು ಹಾಗೇ ಉಳಿಸಿದೆವು. ಎಲ್ಲರಿಗೂ ಅದೇ ಬಾಗಿಲು, ಅದೇ ಫರ್ಸಿ, ಅದೇ ನಲ್ಲಿ. ದೊಡ್ಡ ಕುಟುಂಬಕ್ಕೆ ನಡುಗೋಡೆಯಲ್ಲಿ ಬಾಗಿಲು ತೆಗೆದು ಎರಡು ಖೋಲಿ ಸೇರಿಸಿದೆವು.

ಕಡಿಮೆ ಬಾಡಿಗೆಯಿಂದಾಗುವ ಕೊರತೆಯನ್ನು ರಸ್ತೆ ಕಡೆಯ ಅಂಗಡಿಗಳ ಬಾಡಿಗೆ ತುಂಬಬೇಕು. ಅದರಲ್ಲಿ ಒಂದು ಪಾಲು ಮಾಳಿಗೆ ರಿಪೇರಿಗೇ ಅಂತ ಬೇರೆ ಖಾತೆಗೆ ಹೋಗುತ್ತದೆ. ಆ ಖಾತೆಗೆ ಕೈ ಹಾಕಬಾರದು ಅಂತ ಠರಾವಿನಲ್ಲೇ ಬರೆಸಿದೆ.

ಬಾಡಿಗೆಯನ್ನು ಖೋಲಿಗೆ ಕಟ್ಟಲಿಲ್ಲ, ಕುಟುಂಬಕ್ಕೆ ಕಟ್ಟಿದೆವು. ಮಗನಿಗೆ ನೌಕರಿ ಸಿಕ್ಕಿ ಮನೆಯ ಆದಾಯ ಏರಿದರೆ ಬಾಡಿಗೆ ಏರುತ್ತದೆ, ಮನೆ ಬಿಡಬೇಕಾಗಿಲ್ಲ. ಆಗ ಮುಂದಿನ ಸಲ ಖಾಲಿಯಾಗುವ ಖೋಲಿ, ಅದು ಯಾವ ಸಾಲಿನದ್ದಾದರೂ ಸರಿ, ಕಡಿಮೆ ಬಾಡಿಗೆಯವರಿಗೆ ಹೋಗುತ್ತದೆ.