ಖೈಬರ್ ನಕಾಶೆಯನ್ನು ಉಪಗ್ರಹ ಚಿತ್ರಕ್ಕೆ ಹೊಂದಿಸಿದ ನನ್ನ ಅನುಭವ

ಖೈಬರ್ ಕಣಿವೆಯ ಈ ಹಳೆಯ ನಕಾಶೆಯ ಮೋಜಣಿಯೇ ಒರಟು, ಅದು ಉಪಗ್ರಹ ಚಿತ್ರದ ಮೇಲೆ ಕೂರುವುದಿಲ್ಲ ಎಂದು ಈ ಕೆಲಸ ಬಲ್ಲವರೇ ಹೇಳಿದ್ದರು. ಈಗ ಕೂತಿದೆ. ಅಲಿ ಮಸೀದಿ ಕೋಟೆಯ ಬಳಿ ಉಳಿದಿರುವ ವ್ಯತ್ಯಾಸ ಸುಮಾರು ಅರವತ್ತು ಮೀಟರ್. ಇಂಚಿಗೆ ಒಂದು ಮೈಲಿಯ ಹಾಳೆಯಲ್ಲಿ ಅದು ಒಂದು ಮಿಲಿಮೀಟರಿಗಿಂತ ಹೆಚ್ಚಲ್ಲ.

ಹಾಳೆ 19ನೇ ಶತಮಾನದ ಕೊನೆಯ ಭಾಗದ್ದು. 1925ರ ರೈಲು ಮಾರ್ಗವಾಗಲಿ, 1927ರ ಶಗೈ ಕೋಟೆಯಾಗಲಿ ಇದರಲ್ಲಿ ಇರುವಂತಿಲ್ಲವಾದ್ದರಿಂದ ಗುರುತು ಬಿಂದುಗಳ, ಅಂದರೆ ಹಾಳೆಯಲ್ಲೂ ಉಪಗ್ರಹ ಚಿತ್ರದಲ್ಲೂ ಗುರುತಿಸಬಹುದಾದ ಜಾಗಗಳ, ಬರ ಬಹಳ. ಅಂಚಿನಲ್ಲಿ ಮುದ್ರಿಸಿದ ರೇಖಾಂಶಗಳನ್ನು ಹಾಗೆಯೇ ಕೊಟ್ಟರೆ 1836ರಲ್ಲಿ ಸಿಖ್ ಸೇನಾಪತಿ ಹರಿಸಿಂಗ್ ನಲ್ವಾ ಕಟ್ಟಿಸಿದ ಜಮ್ರೂದ್ ಕೋಟೆ ಪೂರ್ವಕ್ಕೆ ಮೂರೂಮುಕ್ಕಾಲು ಕಿಲೋಮೀಟರ್ ಸರಿದು ಪೇಶಾವರದ ಬಯಲಿಗೆ ಇಳಿಯುತ್ತಿತ್ತು. ಪ್ರತಿ ಗುರುತು ಬಿಂದುವೂ ತನ್ನ ಜಾಗಕ್ಕೆ ಕೂರುವಂತೆ ಹಾಳೆಯನ್ನು ರಬ್ಬರಿನಂತೆ ಎಳೆಯುವ ಥಿನ್ ಪ್ಲೇಟ್ ಸ್ಪ್ಲೈನ್ ಎಂಬ ಲೆಕ್ಕ ಹಾಕಿದಾಗ ದೋಷದ ಅಂಕಿ ಸೊನ್ನೆಯಾಯಿತು, ಆದರೆ ಕಣಿವೆಯ ತೊರೆ ಗುಡ್ಡ ಹತ್ತಿತು. ಅಂಥ ಸೊನ್ನೆಯನ್ನು ನಂಬುವವರ ಬಗ್ಗೆ ನನಗೆ ಅಷ್ಟೇನೂ ಗೌರವವಿಲ್ಲ. ಇದರ ನಡುವೆ ಬಟ್ಟೆಗೆ ಅಂಟಿಸಿದ ಹಾಳೆಯನ್ನು ರೋಲರ್ ಸ್ಕ್ಯಾನರ್ ಎಳೆದು ಹಿಗ್ಗಿಸಿದ್ದರಿಂದ ನಾಲ್ಕೈದು ಸಾವಿರ ರೂಪಾಯಿ ನೀರುಪಾಲಾಯಿತು. ಕೊನೆಗೆ ಮೇಲಿನಿಂದ ಕ್ಯಾಮೆರಾದಲ್ಲಿ ತೆಗೆಸಿದ್ದಕ್ಕೆ ಅದರ ಎರಡರಷ್ಟಾದರೂ ಖರ್ಚಾಗಿರಬೇಕು.

ದಾರಿ ತೋರಿಸಿದ್ದು ಮದ್ರಾಸ್ ವೀಕ್ಷಣಾಲಯ, ಏಕೆಂದರೆ ಹಾಳೆಯ ರೇಖಾಂಶಗಳಿಗೆ ಆಧಾರ ಅದೇ. ಅದರ ರೇಖಾಂಶವನ್ನು ಹಿಂದಿನ ಸರ್ವೇಯವರು 80°17′21″ ಎಂದು ಹಿಡಿದಿದ್ದರು. ಮುಂದೆ ಅಂಗೀಕೃತವಾದದ್ದು 80°14′54″. ಆ 2′27″ ಕಳೆದ ಮೇಲೆ ಭೂಮಿಯ ಆಕಾರದ ಹಳೆಯ ಮಾದರಿ ಎವರೆಸ್ಟ್ 1830ರಿಂದ ಇಂದಿನ ಜಿಪಿಎಸ್ ಬಳಸುವ ಡಬ್ಲ್ಯೂಜಿಎಸ್ 84ಕ್ಕೆ ಬದಲಿಸಿದರೆ ಉಳಿಯುವುದು ನೂರು ಮೀಟರಿನೊಳಗಿನ ಪಲ್ಲಟ ಮಾತ್ರ. ಆದರೆ ಹಾಳೆಯನ್ನು ಮಡಿಸಲು ಅನುಕೂಲವಾಗುವಂತೆ ತುಂಡರಿಸಿ, ತುಂಡುಗಳ ನಡುವೆ ಸಂದು ಬಿಟ್ಟು ಅಂಟಿಸಿದ್ದರಿಂದ ಪ್ರತಿ ತುಂಡನ್ನೂ ಬೇರೆಯಾಗಿಯೇ ಹೊಂದಿಸಬೇಕಾಯಿತು. ಗುರುತಿಗೆ ಕೋಟೆಗಳಿಗಿಂತ ಶಿಖರಗಳು ಮೇಲು, ಏಕೆಂದರೆ ದೂರದಿಂದ ಕೋನ ಅಳೆಯುವ ಥಿಯೋಡೊಲೈಟಿನಲ್ಲಿ ಹಿಡಿದದ್ದು ಅವುಗಳನ್ನೇ. ಸಂದುಗಳನ್ನು ಮುಚ್ಚಿದ ಬಗೆಯನ್ನೂ ಶಿಖರಗಳಿಗೆ ಕೊಟ್ಟ ತೂಕವನ್ನೂ ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ನೆಲದ ಏರಿಳಿತ ತೋರಿಸುವ ಕಂದು ಬಣ್ಣದ ಗೆರೆಗಳನ್ನು ಬೇರ್ಪಡಿಸಿ ಎಸ್‌ಆರ್‌ಟಿಎಂ (ಬಾಹ್ಯಾಕಾಶದಿಂದ ರೇಡಾರಿನಲ್ಲಿ ಅಳೆದ) ಎತ್ತರಗಳೊಂದಿಗೆ ಹೋಲಿಸಿಯೂ ನೋಡಿದೆ. ರಸ್ತೆಯಿಂದ ಕಾಣುವ ಇಳಿಜಾರುಗಳು ಬೆರಗಾಗುವಷ್ಟು ಸರಿಯಾಗಿವೆ. ಬೆಟ್ಟದ ಬೆನ್ನಿನ ಆಚೆ, ಸರ್ವೇಯವರು ಕಾಲಿಡಲಾಗದ ಕಡೆ, ಗೆರೆಗಳು ಬರಿಯ ಊಹೆ. ಎಲ್ಲಿಯವರೆಗೆ ಕಣ್ಣಾರೆ ಕಂಡು ಬರೆದಿದ್ದಾರೆ ಎಂಬುದರ ಗಡಿಯನ್ನು ಈಗ ಹಾಳೆಯ ಮೇಲೆ ಪ್ರತ್ಯೇಕ ಪದರವಾಗಿ ಎಳೆಯುತ್ತಿದ್ದೇನೆ. ಕಣಿವೆಯ ಊರಾದ ಲಂಡಿ ಕೋಟಲ್‌ನ ಪಶ್ಚಿಮದ ತುಂಡುಗಳು ಇನ್ನೂ ಬಾಕಿ ಇವೆ.