ದ್ವೀಪಕ್ಕೆ ಹೊರಡುವವರಿಗೆ: ಲಸಿಕೆ, ಸೊಳ್ಳೆ, ಬಿಸಿಲು

ಸಮುದ್ರ ಕಾಣುವ ಕೋಣೆಯೇ ಬೇಕೆಂದು ತಿಂಗಳುಗಟ್ಟಲೆ ಹುಡುಕುತ್ತಾರೆ. ಈಜುಡುಗೆಯ ಬಣ್ಣ ಆರಿಸಲು ಮನೆಮಂದಿಯನ್ನೆಲ್ಲ ಕೂರಿಸಿಕೊಳ್ಳುತ್ತಾರೆ. ಲಸಿಕೆಯ ನೆನಪು ಮಾತ್ರ ಸೂಟ್‌ಕೇಸಿನ ಜಿಪ್ ಎಳೆಯುವಾಗ ಬರುತ್ತದೆ! "ನಾಳಿದ್ದು ಹೊರಡ್ತೀವಿ, ಇವತ್ತು ಹೋಗಿ ಒಂದು ಇಂಜೆಕ್ಷನ್ ಹಾಕಿಸ್ಕೊಂಡ್ರೆ ಸಾಕಲ್ವಾ?" ಎಂದು ಕೇಳುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಸೂಜಿ ಚುಚ್ಚಿದ ಗಳಿಗೆಗೇ ರಕ್ಷಣೆ ಬಂದುಬಿಡುವುದಿಲ್ಲ. ದೇಹ ಪ್ರತಿಕಾಯ ಕಟ್ಟಿಕೊಳ್ಳುವುದಕ್ಕೆ ದಿನಗಳು ಹಿಡಿಯುತ್ತವೆ. ಹೊರಡುವುದಕ್ಕೆ ನಾಲ್ಕರಿಂದ ಆರು ವಾರ ಮೊದಲೇ ವೈದ್ಯರ ಮುಂದೆ ಕೂತಿರಬೇಕು. ಟಿಕೆಟ್ ತೆಗೆದ ದಿನವೇ ಆ ಭೇಟಿಯನ್ನೂ ಗೊತ್ತು ಮಾಡಿಬಿಡಿ.

ಹೋಗುವಾಗ ಬರಿಗೈಯಲ್ಲಿ ಹೋಗಬೇಡಿ, ಹಳೆಯ ಲಸಿಕೆ ಚೀಟಿಗಳನ್ನೆಲ್ಲ ಹುಡುಕಿ ತೆಗೆದುಕೊಂಡು ಹೋಗಿ. ಧನುರ್ವಾಯುವಿನ ಇಂಜೆಕ್ಷನ್ ಹಾಕಿಸಿ ಹತ್ತು ವರ್ಷ ಕಳೆದಿದ್ದರೆ ಅದು ಮತ್ತೆ ಬೇಕು. ಹವಳದ ಬಂಡೆಗೆ ಕಾಲು ತರಚದೆ ಬಂದವರು ಕಡಿಮೆ. ದಡಾರದ ಎರಡೂ ಡೋಸ್ ಆಗಿದೆಯೇ ನೋಡಿ. ನೀರು, ಊಟದಿಂದ ಬರುವ ಹೆಪಟೈಟಿಸ್ ಎ ಮತ್ತು ಟೈಫಾಯಿಡ್ ಎರಡಕ್ಕೂ ಲಸಿಕೆ ಇದೆ. ಟೈಫಾಯಿಡ್ ಇಂಜೆಕ್ಷನ್ ಹೊರಡುವುದಕ್ಕೆ ಎರಡು ವಾರ ಮೊದಲು ಆಗಿರಬೇಕು. ಯಾವಾಗಲೋ ಹಾಕಿಸಿದ್ದೆ ಎನ್ನಬೇಡಿ, ಸಾಮಾನ್ಯ ಟೈಫಾಯಿಡ್ ಲಸಿಕೆಯ ಬಲ ಎರಡು ಮೂರು ವರ್ಷಕ್ಕೆ ಇಳಿದುಹೋಗುತ್ತದೆ. ಸೊಳ್ಳೆಯಿಂದ ಹರಡುವ ಹಳದಿ ಜ್ವರ (ಯೆಲ್ಲೋ ಫೀವರ್) ಇರುವ ದೇಶದಿಂದ ಅಥವಾ ಅದರ ಮೂಲಕ ಬರುವವರಿಂದ ಕೆಲವು ದ್ವೀಪಗಳು ಲಸಿಕೆಯ ಪ್ರಮಾಣಪತ್ರ ಕೇಳುತ್ತವೆ. ಸೂಜಿ ಹಾಕಿಸಿ ಹತ್ತು ದಿನ ಆಗುವವರೆಗೆ ಆ ಪತ್ರಕ್ಕೆ ಬೆಲೆ ಇಲ್ಲ. ಆಮೇಲೆ ಅದು ಜೀವನಪರ್ಯಂತ ನಡೆಯುತ್ತದೆ, 2016ರಿಂದ ನಿಯಮ ಹಾಗಿದೆ. ಹಳದಿ ಜ್ವರದ್ದು, ದಡಾರದ್ದು ಜೀವಂತ ಲಸಿಕೆಗಳು, ಅಂದರೆ ಬಲ ಕುಂದಿಸಿದ ಜೀವಂತ ರೋಗಾಣುವಿನಿಂದ ಮಾಡಿದವು. ಅಂಥವನ್ನು ಒಂದೇ ದಿನ ಕೊಡಬೇಕು, ಇಲ್ಲವೇ ನಡುವೆ ನಾಲ್ಕು ವಾರ ಬಿಡಬೇಕು. ಕೊನೆಯ ವಾರ ಓಡಿದರೆ ಆ ಲೆಕ್ಕ ಎಲ್ಲಿ ಕೂರಬೇಕು? ಬಸುರಿಯರು, ರೋಗನಿರೋಧಕ ಶಕ್ತಿ ತಗ್ಗಿಸುವ ಔಷಧ ತೆಗೆದುಕೊಳ್ಳುವವರು ಅದನ್ನು ಮೊದಲೇ ಬಾಯಿಬಿಟ್ಟು ಹೇಳಬೇಕು.

ಯಾವ ದ್ವೀಪ, ಯಾವ ತಿಂಗಳು, ಎಷ್ಟು ದಿನ ಎನ್ನುವುದನ್ನೂ ವೈದ್ಯರಿಗೆ ಹೇಳಿ. ಮಾಲ್ಡೀವ್ಸ್ 2015ರಲ್ಲಿ, ಶ್ರೀಲಂಕಾ 2016ರಲ್ಲಿ ಮಲೇರಿಯಾಮುಕ್ತ ಎಂದು ವಿಶ್ವ ಆರೋಗ್ಯ ಸಂಸ್ಥೆಯಿಂದ ಮನ್ನಣೆ ಪಡೆದವು. ಪೆಸಿಫಿಕ್ ಸಾಗರದ ಸಾಲಮನ್ ದ್ವೀಪಗಳಲ್ಲಿ, ವನುವಾಟುವಿನಲ್ಲಿ ಮಲೇರಿಯಾ ಇನ್ನೂ ಇದೆ. ಅಲ್ಲಿಗೆ ಹೋಗುವವರು ಮಾತ್ರೆಯನ್ನು ಹೋಗುವ ಮೊದಲೇ ಶುರುಮಾಡಿ, ಬಂದ ಮೇಲೂ ವೈದ್ಯರು ಹೇಳಿದಷ್ಟು ದಿನ ನುಂಗಬೇಕು. ಮನೆ ಸೇರಿದ ಕೂಡಲೇ ಡಬ್ಬಿ ಮೂಲೆಗೆಸೆಯುವವರನ್ನು ಬಹಳ ನೋಡಿದ್ದೇನೆ. ಬಾಲಿಯಲ್ಲಿ 2008ರಿಂದ ನಾಯಿಗಳಲ್ಲಿ ರೇಬೀಸ್ ಇದೆ. ಎಲ್ಲಿಯೇ ಆಗಲಿ, ನಾಯಿಯೋ ಕೋತಿಯೋ ಕಚ್ಚಿದರೆ, ಪರಚಿದರೆ ಸೋಪು ಹಚ್ಚಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು, ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಕೋತಿಯ ಜೊತೆ ಫೋಟೋ ತೆಗೆಸುವುದಕ್ಕೆ ಮಗುವನ್ನು ಮುಂದೆ ತಳ್ಳುವ ತಂದೆತಾಯಿಗಳಿಗೆ ಏನು ಹೇಳಲಿ!

ಇನ್ನು ಸೊಳ್ಳೆ. ಸಂಜೆಯಾದ ಮೇಲೆ ಕಿಟಕಿ ಮುಚ್ಚಿದರೆ ಮುಗಿಯಿತು ಎಂದುಕೊಂಡವರೇ ಎಲ್ಲ. ಡೆಂಗಿ, ಚಿಕುನ್‌ಗುನ್ಯಾ, ಜೀಕಾ ಹರಡುವ ಈಡಿಸ್ ಸೊಳ್ಳೆ ಕಚ್ಚುವುದು ಹಗಲಿನಲ್ಲಿ. ಬೆಳಗ್ಗೆ ಮತ್ತು ಸಂಜೆ ಕತ್ತಲಾಗುವ ಮೊದಲು ಅದರ ಕಾಟ ಜಾಸ್ತಿ. ನೀವು ಉಯ್ಯಾಲೆಯಲ್ಲಿ ಕಾಲು ಇಳಿಬಿಟ್ಟು ಕೂರುವ ಹೊತ್ತೇ ಅದು. ಬಸುರಿಯರು ಜೀಕಾ ಇರುವ ಜಾಗಕ್ಕೆ ಹೋಗದಿರುವುದೇ ಲೇಸು.

ಸೊಳ್ಳೆಗೂ ಬಿಸಿಲಿಗೂ ಒಟ್ಟಿಗೆ ನಾನು ಮಾಡುವ ಒಂದು ಕ್ರಮ ಇದೆ. ಇದರಲ್ಲಿ ಮಾತ್ರ ನಾನು ಯಾರ ಮಾತನ್ನೂ ಕೇಳುವುದಿಲ್ಲ. ಮೊದಲು ಸನ್‌ಸ್ಕ್ರೀನ್, ಅದು ಒಣಗಿದ ಮೇಲೆ ಸೊಳ್ಳೆಯ ಲೋಶನ್. ಹಿಂದುಮುಂದು ಮಾಡಬಾರದು, ಎರಡನ್ನೂ ಅಂಗೈಯಲ್ಲಿ ಕಲಸಿ ಬಳಿಯಬಾರದು. ಕೋಣೆ ಬಿಡುವುದಕ್ಕೆ ಅರ್ಧ ಗಂಟೆ ಮೊದಲು ಶುರುಮಾಡಿ. ಬಿಸಿಲು ತಡೆಯುವ ಬಲ ತಿಳಿಸುವ ಅಂಕ ಎಸ್‌ಪಿಎಫ್, ಅದು 30ಕ್ಕಿಂತ ಕಡಿಮೆಯದು ಬೇಡ. ತೋರುಬೆರಳು, ನಡುಬೆರಳಿನ ಉದ್ದಕ್ಕೂ ಎರಡು ಗೆರೆ ಹಿಂಡಿದರೆ ಮುಖಕ್ಕೂ ಕತ್ತಿಗೂ ಆಗುತ್ತದೆ. ಕೈಕಾಲಿಗೆ ಜಿಪುಣತನ ಮಾಡದೆ ಧಾರಾಳವಾಗಿ ಹಚ್ಚಿ. ಕಿವಿಯ ತುದಿ, ಕಿವಿಯ ಹಿಂದೆ, ಬೈತಲೆ, ಪಾದದ ಮೇಲ್ಭಾಗ, ಮಂಡಿಯ ಹಿಂದಿನ ಮಡಿಕೆ ಇವನ್ನು ಎಲ್ಲರೂ ಬಿಡುತ್ತಾರೆ, ಸುಡುವುದೂ ಅಲ್ಲೇ. ಮಲೇರಿಯಾಕ್ಕೆ ಡಾಕ್ಸಿಸೈಕ್ಲಿನ್ ನುಂಗುತ್ತಿದ್ದರೆ ಚರ್ಮ ಇನ್ನೂ ಬೇಗ ಸುಡುತ್ತದೆ.

ಈಗ ಕಾಯಬೇಕು. ಮುಂಗೈ ತಾಗಿಸಿದರೆ ಅಂಟದಷ್ಟು ಒಣಗಬೇಕು. ಮಕ್ಕಳು ಚಿಕ್ಕವರಿದ್ದಾಗ ಬಾಗಿಲ ಬಳಿ ಸ್ಟೂಲಿನ ಮೇಲೆ ಒಬ್ಬೊಬ್ಬರನ್ನೇ ನಿಲ್ಲಿಸಿ, ಮಂಡಿಯ ಹಿಂದೆ ಮುಂಗೈ ಸವರಿ ನೋಡಿಯೇ ಕೆಳಗಿಳಿಸುತ್ತಿದ್ದೆ. ಅಳುತ್ತಿದ್ದರು, ಅಳಲಿ. ಆಮೇಲೆ ಸೊಳ್ಳೆಯದು. ಶೇಕಡಾ 20ರಿಂದ 30ರಷ್ಟು ಡೀಟ್ ಅಥವಾ ಶೇಕಡಾ 20ರಷ್ಟು ಪಿಕಾರಿಡಿನ್ ಇದೆಯೇ ಎಂದು ಬಾಟಲಿಯ ಹಿಂದೆ ಓದಿ. ಬಟ್ಟೆಯ ಒಳಗೆ ಬೇಡ, ತೆರೆದಿರುವ ಚರ್ಮಕ್ಕಷ್ಟೇ. ಆದರೆ ನಾಣ್ಯದಗಲ ಜಾಗವೂ ಬಿಡಬಾರದು, ಬಿಟ್ಟಲ್ಲಿಯೇ ಸೊಳ್ಳೆ ಕೂರುತ್ತದೆ. ಕಾಲಿನ ಹರಡಿನ ಸುತ್ತ ಎರಡು ಸಲ ಸವರಿ. ಮುಖಕ್ಕೆ ನೇರವಾಗಿ ಸ್ಪ್ರೇ ಹೊಡೆಯದೆ, ಅಂಗೈಗೆ ಹಾಕಿಕೊಂಡು ಕಣ್ಣು, ತುಟಿ ಬಿಟ್ಟು ಹಚ್ಚಿ. ಮಕ್ಕಳಿಗೆ ದೊಡ್ಡವರೇ ಹಚ್ಚಬೇಕು, ಅವರ ಅಂಗೈಗೆ ಹಚ್ಚಬಾರದು, ಅದು ನೇರ ಬಾಯಿಗೆ ಹೋಗುತ್ತದೆ. ಎರಡು ತಿಂಗಳೊಳಗಿನ ಕೂಸಿಗೆ ಇದು ಬೇಡವೇ ಬೇಡ, ಪರದೆ ಕಟ್ಟಿ. ಕೊನೆಗೆ ನಿಮ್ಮ ಕೈ ತೊಳೆದುಕೊಂಡೇ ಕನ್ನಡಕ ಮುಟ್ಟಿ. ಡೀಟ್ ಪ್ಲಾಸ್ಟಿಕ್ಕನ್ನು ಕರಗಿಸುತ್ತದೆ. ನಮ್ಮ ಅಕ್ಕನ ಹೊಸ ಕನ್ನಡಕದ ಕಡ್ಡಿ ಅಂಟಂಟಾಗಿ, ಮೇಲೆ ಬೆರಳಚ್ಚು ಮೂಡಿದ್ದನ್ನು ಕಣ್ಣಾರೆ ಕಂಡಿದ್ದೇನೆ.

ನೀರಿನಿಂದ ಎದ್ದು ಬಂದ ಮೇಲೆ ಒರೆಸಿಕೊಂಡು ಎರಡನ್ನೂ ಮತ್ತೆ ಹಚ್ಚಬೇಕು, ಇದೇ ಕ್ರಮದಲ್ಲಿ. ಎರಡೂ ಬೆರೆತ ಒಂದೇ ಬಾಟಲಿ ಸಿಗುತ್ತದಲ್ಲ ಎನ್ನುತ್ತಾರೆ ಹುಡುಗರು. ಸನ್‌ಸ್ಕ್ರೀನ್ ಎರಡು ಗಂಟೆಗೊಮ್ಮೆ ಬೇಕು, ಸೊಳ್ಳೆಯದು ಅಷ್ಟು ಸಲ ಬೇಕಾಗುವುದಿಲ್ಲ. ಬೆರೆತದ್ದನ್ನು ಕೊಂಡರೆ ಒಂದು ಹೆಚ್ಚಾಗುತ್ತದೆ, ಇಲ್ಲವೇ ಇನ್ನೊಂದು ಸಾಲದು.

ಹೇಳುತ್ತಿರುವಾಗಲೇ ನೆನಪಾಯಿತು. ಸನ್‌ಸ್ಕ್ರೀನ್ ತಾಗಿದ ಬಿಳಿ ಅಂಗಿಯ ಕಾಲರಿನಲ್ಲಿ ಒಗೆದ ಮೇಲೆ ತುಕ್ಕಿನ ಬಣ್ಣದ ಕಲೆ ಏಳುತ್ತದೆ. ಸನ್‌ಸ್ಕ್ರೀನಿನಲ್ಲಿರುವ ಅವೋಬೆಂಜೋನ್ ಎಂಬ ರಾಸಾಯನಿಕ ನೀರಿನ ಕಬ್ಬಿಣದಂಶದ ಜೊತೆ ಸೇರಿ ಆಗುವುದು ಅದು. ಬ್ಲೀಚ್ ಹಾಕಿ ತಿಕ್ಕಬೇಡಿ, ಕಲೆ ಇನ್ನೂ ಕಡುವಾಗುತ್ತದೆ. ನಿಂಬೆರಸ ಹಚ್ಚಿ ಸ್ವಲ್ಪ ಹೊತ್ತು ಬಿಟ್ಟು ತೊಳೆಯಿರಿ.

ಕುಡಿಯುವುದಕ್ಕೆ ಸೀಲ್ ಒಡೆಯದ ಬಾಟಲಿ ನೀರು ತೆಗೆದುಕೊಂಡು, ಅದಕ್ಕೇ ನಲ್ಲಿ ನೀರಿನ ಐಸ್ ಹಾಕಿಕೊಳ್ಳುವವರಿದ್ದಾರೆ. ಹಲ್ಲುಜ್ಜುವುದಕ್ಕೂ ಬಾಟಲಿ ನೀರೇ ಇರಲಿ. ಹೊಟ್ಟೆ ಕೆಟ್ಟರೆ ಓಆರ್‌ಎಸ್ ಪೊಟ್ಟಣವನ್ನು ಅದರ ಮೇಲೆ ಬರೆದಷ್ಟೇ ನೀರಿಗೆ, ಪೂರ್ತಿ ಹಾಕಿ ಕಲಸಬೇಕು. ಅಡುಗೆಯಲ್ಲಿ ಕಣ್ಣಳತೆ ನಡೆಯುತ್ತದೆ, ಇಲ್ಲಿ ನಡೆಯುವುದಿಲ್ಲ. ಪೊಟ್ಟಣ ಸಿಗದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಸಕ್ಕರೆ ಆರು ಚಹಾ ಚಮಚ, ಉಪ್ಪು ಅರ್ಧ ಚಹಾ ಚಮಚ, ಎರಡೂ ತಲೆತಟ್ಟಿ ಅಳೆದದ್ದು. ಬರಾಕುಡಾದಂಥ ದೊಡ್ಡ ಹವಳದಿಬ್ಬದ ಮೀನು ತಿನ್ನಬೇಡಿ. ಅದರಲ್ಲಿರಬಹುದಾದ ಸಿಗುವಟೆರಾ ವಿಷ ಎಷ್ಟು ಬೇಯಿಸಿದರೂ ಹೋಗುವುದಿಲ್ಲ.

ಬರಿಗಾಲಲ್ಲಿ ನೀರಿಗಿಳಿಯಬೇಡಿ, ರಬ್ಬರ್ ಅಡಿಯ ಶೂ ಇರಲಿ. ಕಲ್ಲಿನಂತೆ ಬಿದ್ದಿರುವ ವಿಷಮುಳ್ಳಿನ ಕಲ್ಲುಮೀನು (ಸ್ಟೋನ್‌ಫಿಶ್) ಚುಚ್ಚಿದರೆ ತಡೆಯುವಷ್ಟು ಬಿಸಿ ನೀರಿನಲ್ಲಿ, ಅಂದರೆ ಸುಮಾರು 45 ಡಿಗ್ರಿ ಸೆಲ್ಸಿಯಸ್, ಕಾಲನ್ನು ಅರ್ಧ ಗಂಟೆಗೂ ಮಿಕ್ಕಿ ಇಟ್ಟರೆ ನೋವು ತಗ್ಗುತ್ತದೆ. ನೋವಿರುವ ಕಾಲಿಗೆ ಬಿಸಿಯ ಅಂದಾಜು ಸಿಗುವುದಿಲ್ಲ, ಇನ್ನೊಂದು ಕಾಲಿಟ್ಟು ನೋಡಿ. ಆಮೇಲೆ ವೈದ್ಯರಿಗೂ ತೋರಿಸಿ. ಸ್ಕೂಬಾ ಡೈವಿಂಗ್ ಮಾಡಿದವರು ಅದೇ ದಿನ ವಿಮಾನ ಹತ್ತಬಾರದು, ಒಂದು ದಿನ ಬಿಟ್ಟು ಹೊರಡಿ.

ದಿನವೂ ನುಂಗುವ ಮಾತ್ರೆಗಳು ಕೈಚೀಲದಲ್ಲಿ, ಅವುಗಳದೇ ಡಬ್ಬಿಯಲ್ಲಿ, ವೈದ್ಯರ ಚೀಟಿಯ ಜೊತೆ ಇರಲಿ, ಕೆಲವು ದಿನದ್ದು ಹೆಚ್ಚೇ ಇರಲಿ. ಇನ್ಸುಲಿನ್ ಅಂತೂ ವಿಮಾನದ ಹೊಟ್ಟೆಗೆ ಹೋಗುವ ಸೂಟ್‌ಕೇಸಿಗೆ ಹಾಕಲೇಬಾರದು, ಅಲ್ಲಿ ಹೆಪ್ಪುಗಟ್ಟಿ ಕೆಡಬಹುದು. ಸಣ್ಣ ದ್ವೀಪದಲ್ಲಿ ದೊಡ್ಡ ಆಸ್ಪತ್ರೆ ಇರುವುದಿಲ್ಲ. ರೋಗಿಯನ್ನು ಬೇರೆಡೆಗೆ ಸಾಗಿಸುವ ಖರ್ಚೂ ಸೇರಿರುವ ವಿಮೆಯನ್ನೇ ಮಾಡಿಸಿ.

ಬಂದ ಮೇಲೆ ಎರಡು ವಾರದೊಳಗೆ ಜ್ವರ ಬಂದರೆ ಜ್ವರಕ್ಕೆಂದು ಪ್ಯಾರಾಸಿಟಮಾಲ್ ಬಿಟ್ಟು ಬೇರೇನೂ ನುಂಗಬೇಡಿ. ಡೆಂಗಿಯಾಗಿದ್ದರೆ ಆಸ್ಪಿರಿನ್, ಐಬುಪ್ರೊಫೆನ್ ರಕ್ತಸ್ರಾವಕ್ಕೆ ದಾರಿ ಮಾಡುತ್ತವೆ. ವೈದ್ಯರಿಗೆ ಮೊದಲ ಮಾತೇ ಯಾವ ದ್ವೀಪಕ್ಕೆ ಹೋಗಿದ್ದೆ ಎಂದಾಗಲಿ. ಮಲೇರಿಯಾ ತಿಂಗಳುಗಳಾದ ಮೇಲೂ ಕಾಣಿಸಿಕೊಳ್ಳಬಹುದು, ಹಾಗಾಗಿ ವರ್ಷದವರೆಗೂ ಜ್ವರ ಬಂದಾಗ ಇದನ್ನು ಹೇಳುತ್ತಿರಿ. ಹೆಪಟೈಟಿಸ್ ಎ ಲಸಿಕೆಗೆ ಆರು ತಿಂಗಳಿಂದ ವರ್ಷದೊಳಗೆ ಎರಡನೇ ಡೋಸ್ ಇರುತ್ತದೆ. ಪ್ರವಾಸ ಮುಗಿಯಿತಲ್ಲ ಎಂದು ಅದನ್ನು ಬಿಟ್ಟುಬಿಡುತ್ತೀರಿ, ಈಗಲೇ ಕ್ಯಾಲೆಂಡರಿನಲ್ಲಿ ಗುರುತು ಹಾಕಿ.